ಸಾಲ್ಮನ್ ಹ್ಯಾಚರಿಯನ್ನು ಅಳೆಯುವುದು ಹೇಗೆ: ನದಿಯಲ್ಲೇ ಹುಟ್ಟುವ ಮೀನಿನ ಪರವಾಗಿ ಒಂದು ಮಾರ್ಗದರ್ಶಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸಾಕ್ವಾ ಪಟ್ಟಣದ ನಡುವೆ, 1936ರಲ್ಲಿ ಕಟ್ಟಿದ ಒಂದು ಸಾಲ್ಮನ್ ಹ್ಯಾಚರಿ, ಅಂದರೆ ಮೀನಿನ ಮೊಟ್ಟೆಯೊಡೆಸಿ, ಮರಿ ಬೆಳೆಸಿ ನೀರಿಗೆ ಬಿಡುವ ಕೇಂದ್ರ, ಇದೆ. ಪೆಸಿಫಿಕ್ ಸಾಗರದಿಂದ ಹೊರಟ ಚಿನೂಕ್ ಮತ್ತು ಕೋಹೋ ಜಾತಿಯ ಸಾಲ್ಮನ್‌ಗಳು ಸಿಯಾಟಲ್ ನಗರದ ಬ್ಯಾಲರ್ಡ್ ಲಾಕ್ಸ್‌ನಲ್ಲಿರುವ ಮೀನು ಏಣಿಯನ್ನು, ಅಂದರೆ ಅಡ್ಡಗಟ್ಟೆ ಏರಲು ಮೀನುಗಳಿಗಾಗಿ ಕಟ್ಟಿದ ಮೆಟ್ಟಿಲು ಕಾಲುವೆಯನ್ನು ಹತ್ತಿ, ವಾಷಿಂಗ್ಟನ್ ಸರೋವರವನ್ನು ದಾಟಿ, ಸಮಾಮಿಶ್ ನದಿ ಮತ್ತು ಸಮಾಮಿಶ್ ಸರೋವರಗಳ ಮೂಲಕ ಇಸಾಕ್ವಾ ತೊರೆಗೆ ಬಂದು, ಈ ಕೇಂದ್ರದ ಅಡ್ಡಗಟ್ಟೆಯ ಕೆಳಗೆ ಗುಂಪುಗೂಡುತ್ತವೆ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಅವುಗಳನ್ನು ನೋಡಲು ಜನಸಾಗರವೇ ಸೇರುತ್ತದೆ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳೂ ಮಕ್ಕಳನ್ನು ಕರೆದುಕೊಂಡು ಹೋಗುತ್ತವೆ. ಗಾಜಿನ ಕಿಟಕಿಯಾಚೆ ಎರಡು ಮೊಳದ ಚಿನೂಕ್‌ಗಳು ಒತ್ತೊತ್ತಾಗಿ ನಿಂತಿರುವುದನ್ನು ಕಂಡವರಲ್ಲಿ ಹೆಚ್ಚಿನವರು, ಇಷ್ಟು ಮೀನು ಬರುತ್ತಿದೆ ಎಂದರೆ ನದಿ ಚೆನ್ನಾಗಿಯೇ ಇರಬೇಕು ಎಂದುಕೊಂಡು ಮನೆಗೆ ಮರಳುತ್ತಾರೆ.

ಆ ತೀರ್ಮಾನಕ್ಕೆ ಆಧಾರ ಸಾಲದು. ಹ್ಯಾಚರಿಗೆ ಮರಳುವ ಮೀನು ಹ್ಯಾಚರಿ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ನದಿಯ ಜಲ್ಲಿಕಲ್ಲಿನ ನಡುವೆ ಮೊಟ್ಟೆಯೊಡೆದು, ನದಿಯ ಹುಳಹುಪ್ಪಟೆ ತಿಂದು, ಸಮುದ್ರಕ್ಕೆ ಹೋಗಿ ಮರಳುವ ಸಾಲ್ಮನ್ ಸಂತತಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಬೇರೆಯೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವನ್ನು, ಜೀವವಿಜ್ಞಾನ ಓದದವರೂ ಅನುಸರಿಸಬಹುದಾದ ರೀತಿಯಲ್ಲಿ, ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳೆಲ್ಲ ಹೆಚ್ಚಾಗಿ ಅಮೆರಿಕದ ಪಶ್ಚಿಮ ಕರಾವಳಿಯವು, ಏಕೆಂದರೆ ಹ್ಯಾಚರಿಗಳ ಲಾಭನಷ್ಟವನ್ನು ಅತಿ ಹೆಚ್ಚು ಪರಿಶೀಲಿಸಿರುವುದು ಅಲ್ಲಿಯೇ.

ಮೊದಲು ಉದ್ದೇಶವನ್ನು ತಿಳಿದುಕೊಳ್ಳಿ

ಎಲ್ಲ ಹ್ಯಾಚರಿಗಳೂ ಒಂದೇ ಕಾರಣಕ್ಕೆ ಹುಟ್ಟಿದವಲ್ಲ. ಪೆಸಿಫಿಕ್ ಸಾಲ್ಮನ್‌ನ ಕೃತಕ ಸಂತಾನೋತ್ಪತ್ತಿ 1872ರಲ್ಲಿ, ಲಿವಿಂಗ್‌ಸ್ಟನ್ ಸ್ಟೋನ್ ಎಂಬವರು ಕ್ಯಾಲಿಫೋರ್ನಿಯಾದ ಮೆಕ್ಲೌಡ್ ನದಿಯ ದಂಡೆಯಲ್ಲಿ ಸ್ಥಾಪಿಸಿದ ಕೇಂದ್ರದಿಂದ ಆರಂಭವಾಯಿತು. ಆ ಜಾಗ ಇಂದು ಶಾಸ್ತಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಹ್ಯಾಚರಿಗಳ ಮುಂದಿನ ಇತಿಹಾಸವೂ ಬಹುಮಟ್ಟಿಗೆ ಅಣೆಕಟ್ಟುಗಳ ಇತಿಹಾಸವೇ. ಕೊಲಂಬಿಯಾ ನದಿಗೆ ಬಾನವಿಲ್ ಅಣೆಕಟ್ಟು ಬಂದ ಕಾಲದಲ್ಲೇ, 1938ರಲ್ಲಿ, ಮೀನಿನ ನಷ್ಟವನ್ನು ಹ್ಯಾಚರಿಗಳ ಮೂಲಕ ತುಂಬಿಕೊಡಲು ಮಿಚೆಲ್ ಕಾಯ್ದೆ ಜಾರಿಯಾಯಿತು. 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನು ಏಣಿಯೇ ಇರಲಿಲ್ಲ. ಅದರ ಮೇಲಿನ ನೂರಾರು ಕಿಲೋಮೀಟರ್ ನದಿ ಸಾಲ್ಮನ್‌ಗೆ ಶಾಶ್ವತವಾಗಿ ಮುಚ್ಚಿಹೋಯಿತು. ಹಿಂದೆ ಕೊಲಂಬಿಯಾ ನದಿಗೆ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿ ಸಾಲ್ಮನ್ ಮತ್ತು ಅದರ ಹತ್ತಿರದ ಬಂಧುವಾದ ಸ್ಟೀಲ್‌ಹೆಡ್ ಮರಳುತ್ತಿದ್ದವು ಎಂಬುದು ಅಂದಾಜು. ಈಗ ಮರಳುವುದು ಅದರ ಸಣ್ಣ ಪಾಲು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹ್ಯಾಚರಿಯಲ್ಲಿ ಹುಟ್ಟಿದ ಮೀನುಗಳು.

ಆದ್ದರಿಂದ ಯಾವುದೇ ಹ್ಯಾಚರಿಗೆ ಹೋದಾಗ ಅಥವಾ ಅದರ ಬಗ್ಗೆ ಓದಿದಾಗ ಮೊದಲು ಕೇಳಬೇಕಾದದ್ದು, ಇದು ಹಿಡಿಯುವುದಕ್ಕೆ ಮೀನು ಬೆಳೆಸುವ ಕೇಂದ್ರವೋ, ಅಳಿಯುತ್ತಿರುವ ಸಂತತಿಯನ್ನು ಉಳಿಸುವ ಕೇಂದ್ರವೋ ಎಂಬುದು. ಮೊದಲನೆಯದರ ಯಶಸ್ಸನ್ನು ಬಲೆಗೆ ಮತ್ತು ಗಾಳಕ್ಕೆ ಬಿದ್ದ ಮೀನಿನಿಂದ ಅಳೆಯಬೇಕು. ಅದರ ಮೀನು ನದಿಯಲ್ಲಿ ಮೊಟ್ಟೆಯಿಡಲು ಹೋಗದಿದ್ದರೇ ಒಳ್ಳೆಯದು. ಎರಡನೆಯದರ ಯಶಸ್ಸನ್ನು ಅಳೆಯುವುದು ಮುಂದೊಂದು ದಿನ ಆ ಕೇಂದ್ರವೇ ಬೇಡವಾಗುವಷ್ಟು ನದಿಯ ಮೀನು ಹೆಚ್ಚಿತೇ ಎಂಬುದರಿಂದ. ಎರಡನ್ನೂ ಒಂದೇ ಕೇಂದ್ರದಲ್ಲಿ ಮಾಡುತ್ತೇವೆ ಎಂಬ ಉತ್ತರ ಬಂದರೆ ಮುಂದಿನ ಪ್ರಶ್ನೆಗಳನ್ನು ಇನ್ನಷ್ಟು ಎಚ್ಚರಿಕೆಯಿಂದ ಕೇಳಬೇಕು.

ಹಿಡಿಯುವ ಮೀನು ಎಂದರೆ ಕೇವಲ ಹವ್ಯಾಸಿಗಳ ಮೋಜು ಎಂದು ಭಾವಿಸುವಂತಿಲ್ಲ. ವಾಷಿಂಗ್ಟನ್ ಪ್ರದೇಶದ ಮೂಲನಿವಾಸಿ ಬುಡಕಟ್ಟುಗಳು 1854 ಮತ್ತು 1855ರ ಒಪ್ಪಂದಗಳಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟಾಗ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಸರ್ಕಾರವು ಅದನ್ನು ಶತಮಾನಕ್ಕೂ ಹೆಚ್ಚು ಕಾಲ ತುಳಿದ ಬಳಿಕ, 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು ಹಿಡಿಯಬಹುದಾದ ಮೀನಿನ ಅರ್ಧ ಪಾಲು ಆ ಬುಡಕಟ್ಟುಗಳದ್ದು ಎಂದು ತೀರ್ಪಿತ್ತರು. ನದಿಯ ಮೀನನ್ನು ನಾಶ ಮಾಡಿದವರು ಅವರಲ್ಲ. ಹ್ಯಾಚರಿಯನ್ನು ನಾಳೆಯೇ ಮುಚ್ಚಿ ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಅಣೆಕಟ್ಟು ಹಾಗೆಯೇ ಇದ್ದು ಹ್ಯಾಚರಿ ಮಾತ್ರ ಮುಚ್ಚಿದರೆ ಆ ಅರ್ಧ ಪಾಲು ಶೂನ್ಯದ ಅರ್ಧವಾಗುತ್ತದೆ. ಇದಕ್ಕೆ ಇನ್ನೊಂದು ಹೊರೆಯೂ ಸೇರಿದೆ. ಚಿನೂಕ್ ಸಾಲ್ಮನ್ನನ್ನೇ ಮುಖ್ಯ ಆಹಾರವಾಗಿ ನೆಚ್ಚಿರುವ, ಸುಮಾರು 70ರ ಆಸುಪಾಸಿಗೆ ಇಳಿದಿರುವ ಅಲ್ಲಿನ ಸದರ್ನ್ ರೆಸಿಡೆಂಟ್ ಓರ್ಕಾ ತಿಮಿಂಗಿಲಗಳಿಗಾಗಿ 2018ರ ನಂತರ ವಾಷಿಂಗ್ಟನ್ ರಾಜ್ಯವು ಚಿನೂಕ್ ಮರಿಗಳ ಉತ್ಪಾದನೆಯನ್ನು ಹೆಚ್ಚಿಸಿದೆ.

ಮೀನಿನ ಬೆನ್ನನ್ನು ನೋಡಲು ಕಲಿಯಿರಿ

ಸಾಲ್ಮನ್‌ನ ಬೆನ್ನಿನ ಮೇಲೆ ದೊಡ್ಡ ಈಜುರೆಕ್ಕೆಯ ಹಿಂದೆ, ಬಾಲದ ಸಮೀಪ, ಹೆಬ್ಬೆರಳ ತುದಿಯಷ್ಟು ಮಾತ್ರ ಇರುವ ಮೆತ್ತನೆಯ ಒಂದು ಕಿರುರೆಕ್ಕೆ ಇರುತ್ತದೆ. ಅದರ ಹೆಸರು ಅಡಿಪೋಸ್ ರೆಕ್ಕೆ. ವಾಷಿಂಗ್ಟನ್ ಮತ್ತು ಓರೆಗಾನ್ ರಾಜ್ಯಗಳಲ್ಲಿ 1990ರ ದಶಕದಿಂದ ಹ್ಯಾಚರಿ ಮರಿಗಳನ್ನು ನೀರಿಗೆ ಬಿಡುವ ಮೊದಲು ಈ ರೆಕ್ಕೆಯನ್ನು ಕತ್ತರಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದುಬಂದಿದೆ. ರೆಕ್ಕೆ ಇಲ್ಲದೆ ಆ ಜಾಗ ನುಣುಪಾಗಿದ್ದರೆ ಅದು ಹ್ಯಾಚರಿಯ ಮೀನು. ಮೀನು ಏಣಿಯ ಕಿಟಕಿಯ ಮುಂದೆ ನಿಂತಾಗ, ಮೀನು ತಿರುಗುವವರೆಗೆ ಕಾದು, ಬಾಲದಿಂದ ತಲೆಯ ಕಡೆಗೆ ಕಣ್ಣು ಹಾಯಿಸಿದರೆ ಇದನ್ನು ಗುರುತಿಸುವುದು ಕಷ್ಟವಲ್ಲ. ತಲೆಯ ಕಡೆಯಿಂದ ನೋಡತೊಡಗಿದರೆ ದೊಡ್ಡ ರೆಕ್ಕೆಯೇ ಗಮನ ಸೆಳೆದು, ಅಷ್ಟರಲ್ಲಿ ಮೀನು ಮುಂದೆ ಸಾಗಿಬಿಡುತ್ತದೆ. ತೊರೆಯ ದಂಡೆಯಲ್ಲಿ ನಿಂತು ನೋಡುವವರಿಗೆ ನೀರಿನ ಹೊಳಪನ್ನು ಕಳೆಯುವ ಪೋಲರೈಸ್ಡ್ ಕನ್ನಡಕ ಬೇಕೇ ಬೇಕು.

ಈ ಪರೀಕ್ಷೆಗೆ ಎರಡು ಮಿತಿಗಳಿವೆ. ರೆಕ್ಕೆ ಇದ್ದ ಮಾತ್ರಕ್ಕೆ ಅದು ನದಿಯಲ್ಲೇ ಹುಟ್ಟಿದ ಮೀನು ಎಂದು ಖಚಿತವಾಗಿ ಹೇಳುವಂತಿಲ್ಲ, ಏಕೆಂದರೆ ಸಂರಕ್ಷಣೆಗೆಂದು ಬೆಳೆಸಿದ ಕೆಲವು ಮರಿಗಳನ್ನು, ಹವ್ಯಾಸಿಗಳು ಹಿಡಿದುಕೊಂಡು ಹೋಗದಿರಲಿ ಎಂಬ ಕಾರಣಕ್ಕೆ, ರೆಕ್ಕೆ ಕತ್ತರಿಸದೆ ಬಿಡುತ್ತಾರೆ. ಅಂಥ ಮೀನುಗಳ ಮೂತಿಯೊಳಗೆ ಒಂದು ಮಿಲಿಮೀಟರ್‌ಗಿಂತ ತುಸುವೇ ಉದ್ದದ, ಸಂಕೇತ ಕೆತ್ತಿದ ಲೋಹದ ತಂತಿ ಇರಬಹುದು. ಅದನ್ನು ಪತ್ತೆ ಯಂತ್ರದಿಂದಷ್ಟೇ ತಿಳಿಯಲು ಸಾಧ್ಯ. ಅಲಾಸ್ಕಾದಲ್ಲಿ ಇನ್ನೊಂದು ಜಾಣ ಉಪಾಯವಿದೆ. ಮೊಟ್ಟೆಗಳು ಇನ್ನೂ ತಟ್ಟೆಯಲ್ಲಿರುವಾಗಲೇ ನೀರಿನ ಉಷ್ಣತೆಯನ್ನು ನಿಗದಿತ ಅಂತರದಲ್ಲಿ ಏರಿಳಿಸುತ್ತಾರೆ. ಭ್ರೂಣದ ಕಿವಿಯ ಕಲ್ಲಿನಲ್ಲಿ ಅದರಿಂದ ಕಪ್ಪು ಉಂಗುರಗಳು ಮೂಡುತ್ತವೆ, ವರ್ಷಗಳ ನಂತರ ಸತ್ತ ಮೀನಿನ ಆ ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ಯಾವ ಹ್ಯಾಚರಿಯಲ್ಲಿ ಹುಟ್ಟಿತೆಂದು ಓದಬಹುದು.

ಎರಡನೆಯ ಮಿತಿ ಇನ್ನೂ ಮುಖ್ಯವಾದದ್ದು. ರೆಕ್ಕೆಯು ಮೀನು ಎಲ್ಲಿ ಹುಟ್ಟಿತು ಎಂಬುದನ್ನು ಹೇಳುತ್ತದೆಯೇ ಹೊರತು ಅದರ ತಂದೆತಾಯಿ ಎಲ್ಲಿಯವರು ಎಂಬುದನ್ನಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ಎರಡು ಮೀನುಗಳು ತೊರೆಯಲ್ಲಿ ಕೂಡಿ ಮೊಟ್ಟೆಯಿಟ್ಟರೆ ಅವುಗಳ ಮರಿಗೆ ರೆಕ್ಕೆ ಇರುತ್ತದೆ, ಲೆಕ್ಕದಲ್ಲಿ ಅದು ನದಿಯ ಮೀನಾಗಿಯೇ ಸೇರುತ್ತದೆ.

ತಳಿ ಮೀನು ಎಲ್ಲಿಂದ ಬಂತು ಎಂದು ವಿಚಾರಿಸಿ

ತಳಿ ಮೀನು ಎಂದರೆ ಮೊಟ್ಟೆ ಮತ್ತು ವೀರ್ಯಕ್ಕಾಗಿ ಹ್ಯಾಚರಿಯವರು ಬಳಸುವ ಬಲಿತ ಮೀನು. ಇಡೀ ವಿಷಯದ ಜೀವಾಳ ಇದು, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಸಾಲ್ಮನ್ ತಾನು ಹುಟ್ಟಿದ ತೊರೆಯ ವಾಸನೆಯನ್ನು ನೆನಪಿಟ್ಟುಕೊಂಡು ಅಲ್ಲಿಗೇ ಮರಳುವ ಮೀನು. ಸಾವಿರಾರು ವರ್ಷ ಹೀಗೆ ಮರಳಿ ಮರಳಿ, ಒಂದೊಂದು ನದಿಯ ಸಂತತಿಯೂ ಆ ನದಿಯ ನೀರಿನ ತಂಪಿಗೆ, ಪ್ರವಾಹದ ತಿಂಗಳಿಗೆ, ಜಲ್ಲಿಕಲ್ಲಿನ ಗಾತ್ರಕ್ಕೆ ಒಗ್ಗಿಕೊಂಡಿದೆ. ಕಳೆದ ಶತಮಾನದಲ್ಲಿ ಹ್ಯಾಚರಿಗಳು ಈ ಸಂಗತಿಗೆ ಬೆಲೆ ಕೊಡಲಿಲ್ಲ. ಮೊಟ್ಟೆ ಎಲ್ಲಿ ಹೇರಳವಾಗಿ ಸಿಗುತ್ತದೋ ಅಲ್ಲಿಂದ ತಂದು ಬೇರೆ ನದಿಗಳಿಗೆ ಹಂಚಿದವು. ಇಸಾಕ್ವಾದಲ್ಲಿ ಆದದ್ದೂ ಅದೇ. ಮರ ಕಡಿತ ಮತ್ತು ಕಲ್ಲಿದ್ದಲು ಗಣಿಗಾರಿಕೆಯಿಂದ ತೊರೆಯ ಮೂಲ ಸಂತತಿ ಬಹುಮಟ್ಟಿಗೆ ನಾಶವಾಗಿದ್ದರಿಂದ, ದಕ್ಷಿಣದಲ್ಲಿರುವ ಗ್ರೀನ್ ನದಿಯ ಮೀನುಗಳನ್ನು ತಂದು ಕೇಂದ್ರವನ್ನು ನಡೆಸಿದರು. ಅಲ್ಲಿ ಉಳಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ ಎಂಬುದು ನಿಜ. ಆದರೆ ಮೂಲ ಸಂತತಿ ಇನ್ನೂ ಬದುಕಿರುವ ನದಿಗೆ ಹೊರಗಿನ ಮೀನನ್ನು ತಂದು ಬಿಟ್ಟಾಗ ಆಗುವ ನಷ್ಟವನ್ನು ಯಾವ ಬಜೆಟ್ಟೂ ತುಂಬಿಕೊಡಲಾರದು.

ತಳಿ ಮೀನು ಅದೇ ನದಿಯದ್ದಾದರೂ ತೊಂದರೆ ಪೂರ್ತಿ ತಪ್ಪುವುದಿಲ್ಲ. ಹ್ಯಾಚರಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ನದಿಯಲ್ಲಿ ಹೆಣ್ಣು ಸಾಲ್ಮನ್ ಒಂದು ಬದಿಗೆ ಹೊರಳಿ, ಬಾಲದಿಂದ ಜಲ್ಲಿಯನ್ನು ಬಡಿದು ಬಡಿದು, ಪಾಚಿ ಕಳೆದು ಬೆಳ್ಳಗಾದ ಒಂದು ಗುಳಿಯನ್ನು ತೋಡುತ್ತದೆ. ಗಂಡುಗಳು ಒಂದನ್ನೊಂದು ಕಚ್ಚಿ ಓಡಿಸುತ್ತವೆ. ಹೆಣ್ಣು ತನಗೆ ಬೇಡದ ಗಂಡು ಬಂದಾಗ ಮೊಟ್ಟೆಯಿಡುವುದನ್ನು ತಡೆಹಿಡಿಯುತ್ತದೆ. ಹ್ಯಾಚರಿಯಲ್ಲಿ ಈ ಯಾವುದೂ ಇಲ್ಲ. ಬಲಿತ ಹೆಣ್ಣನ್ನು ಕೊಂದು, ಹೊಟ್ಟೆ ಸೀಳಿ, ಬಟಾಣಿ ಗಾತ್ರದ ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಬಕೆಟ್ಟಿಗೆ ಸುರಿಯುತ್ತಾರೆ. ಒಂದು ಚಿನೂಕ್‌ನಿಂದ ನಾಲ್ಕೈದು ಸಾವಿರ ಮೊಟ್ಟೆ ಸಿಗುತ್ತದೆ. ಗಂಡಿನ ಹೊಟ್ಟೆಯನ್ನು ಅದುಮಿ ವೀರ್ಯವನ್ನು ಹಿಂಡಿ ಬೆರೆಸುತ್ತಾರೆ. ಯಾವ ಗಂಡಿಗೆ ಯಾವ ಹೆಣ್ಣು ಎಂಬುದನ್ನು ನಿರ್ಧರಿಸುವುದು ಮನುಷ್ಯನ ಕೈ. ಮರಿಗಳು ಕಾಂಕ್ರೀಟ್ ತೊಟ್ಟಿಗಳಲ್ಲಿ ಇಕ್ಕಟ್ಟಿನಲ್ಲಿ ಬೆಳೆದು, ಮೇಲಿನಿಂದ ಬೀಳುವ ಗುಳಿಗೆಯ ಆಹಾರಕ್ಕೆ ಮುಗಿಬೀಳುತ್ತವೆ. ನದಿಯಲ್ಲಿ ಮೇಲಿನಿಂದ ಬೀಳುವ ನೆರಳು ಎಂದರೆ ಹೆಚ್ಚಾಗಿ ಮೀಂಚುಳ್ಳಿ ಅಥವಾ ಬಕಪಕ್ಷಿ. ಆ ನೆರಳಿನತ್ತ ಏರಿ ಬರುವ ಮರಿಗೆ ಅಲ್ಲಿ ಆಯುಷ್ಯವಿಲ್ಲ. ಹ್ಯಾಚರಿಯಲ್ಲಿ ಮೊಟ್ಟೆಯಿಂದ ಸಮುದ್ರಕ್ಕೆ ಹೊರಡುವ ಮರಿಯಾಗುವವರೆಗೆ ಹೆಚ್ಚಿನವು ಬದುಕುತ್ತವೆ, ನದಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತೂ ಉಳಿಯುವುದಿಲ್ಲ. ನದಿಯಲ್ಲಿ ಸಾಯಬೇಕಾಗಿದ್ದ ಮರಿಗಳೆಲ್ಲ ಇಲ್ಲಿ ಬದುಕಿ, ತೊಟ್ಟಿಯ ಬದುಕಿಗೆ ಹೊಂದುವ ಗುಣಗಳನ್ನೇ ಮುಂದಿನ ಪೀಳಿಗೆಗೆ ದಾಟಿಸುತ್ತವೆ.

ಇದು ಬರಿಯ ಊಹೆಯಲ್ಲ. ಓರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ಮೇಲೆ, ಅಣೆಕಟ್ಟು ದಾಟುವ ಪ್ರತಿಯೊಂದು ಮೀನಿನ ಡಿಎನ್‌ಎ ಮಾದರಿ ಸಂಗ್ರಹಿಸಿ ವಂಶವೃಕ್ಷ ಕಟ್ಟಿದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹ್ಯಾಚರಿಯಲ್ಲಿ ಕಳೆದ ಒಂದೊಂದು ಪೀಳಿಗೆಗೂ ನದಿಯಲ್ಲಿ ಸಂತಾನ ಪಡೆಯುವ ಸಾಮರ್ಥ್ಯ ಸುಮಾರು ಶೇಕಡಾ 40ರಷ್ಟು ಕುಸಿಯುತ್ತದೆ. ಅದೇ ನದಿಯ ಕುರಿತು 2012ರಲ್ಲಿ ಬಂದ ಇನ್ನೊಂದು ಅಧ್ಯಯನ, ಹ್ಯಾಚರಿಯೊಳಗೆ ಅತಿ ಹೆಚ್ಚು ಯಶಸ್ಸು ಕಂಡ ಕುಟುಂಬಗಳ ಮೀನುಗಳೇ ನದಿಯಲ್ಲಿ ಅತಿ ಹೆಚ್ಚು ಸೋತವು ಎಂದು ತೋರಿಸಿತು. ಸ್ಟೀಲ್‌ಹೆಡ್ ಮರಿಗಳನ್ನು ಒಂದು ವರ್ಷವಿಡೀ ತೊಟ್ಟಿಯಲ್ಲಿ ಸಾಕುವುದರಿಂದ ಅವುಗಳ ಮೇಲಿನ ಪರಿಣಾಮ ಹೆಚ್ಚಿರುವುದು ಸಹಜ. ಪಿಂಕ್ ಸಾಲ್ಮನ್‌ನಂಥ ಮೀನನ್ನು ಮರಿಯಾದ ಕೆಲವೇ ವಾರ ಅಥವಾ ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಹಾಗಿದ್ದರೂ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನ ತೊರೆಗಳಲ್ಲಿ ನಡೆದ ಅಧ್ಯಯನಗಳಲ್ಲಿ, ದಾರಿ ತಪ್ಪಿ ಬಂದ ಹ್ಯಾಚರಿ ಪಿಂಕ್‌ಗಳಿಗೆ ತೊರೆಯಲ್ಲೇ ಹುಟ್ಟಿದ ಪಿಂಕ್‌ಗಳಿಗಿಂತ ಸಂತಾನ ಕಡಿಮೆಯಾಗಿರುವುದು ಕಂಡುಬಂದಿದೆ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಐಡಹೋ ರಾಜ್ಯದ ಜಾನ್ಸನ್ ಕ್ರೀಕ್ ತೊರೆಯಲ್ಲಿ ನೆಝ್ ಪರ್ಸ್ ಬುಡಕಟ್ಟಿನವರು ನಡೆಸುವ ಚಿನೂಕ್ ಕಾರ್ಯಕ್ರಮದಲ್ಲಿ ತಳಿ ಮೀನುಗಳೆಲ್ಲವೂ ತೊರೆಯಲ್ಲೇ ಹುಟ್ಟಿದವು. ಹ್ಯಾಚರಿಯಲ್ಲಿ ಹುಟ್ಟಿದ ಮೀನನ್ನು ಮತ್ತೆ ತಳಿಗೆ ಬಳಸುವುದಿಲ್ಲ. 2012ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ, ಹೀಗೆ ಒಂದೇ ಪೀಳಿಗೆ ಹ್ಯಾಚರಿಯಲ್ಲಿ ಕಳೆದ ಮೀನು ನದಿಯ ಮೀನಿನೊಂದಿಗೆ ಕೂಡಿದಾಗ ಸಂತಾನದಲ್ಲಿ ಗಮನಾರ್ಹ ಕೊರತೆ ಕಾಣಲಿಲ್ಲ, ತೊರೆಯ ಮೀನಿನ ಸಂಖ್ಯೆಯೂ ಹೆಚ್ಚಿತು. ನಾನು ಇದರಿಂದ ತೆಗೆದುಕೊಳ್ಳುವ ಪಾಠ, ಹ್ಯಾಚರಿ ಎಂಬ ಕಟ್ಟಡಕ್ಕಿಂತ ತಳಿ ಮೀನಿನ ನಿಯಮವೇ ಮುಖ್ಯ ಎಂಬುದು. ಭೇಟಿ ಕೊಟ್ಟಾಗ ಮಾರ್ಗದರ್ಶಕರನ್ನು ಹೀಗೆ ಕೇಳಿ: ಈ ವರ್ಷ ಬಳಸಿದ ತಳಿ ಮೀನುಗಳಲ್ಲಿ ನೂರಕ್ಕೆ ಎಷ್ಟು ನದಿಯಲ್ಲಿ ಹುಟ್ಟಿದವು? ಮೊದಲು ಬಂದ ಮೀನುಗಳಿಂದಲೇ ಮೊಟ್ಟೆ ತುಂಬಿಸಿಕೊಳ್ಳುತ್ತೀರೋ, ಋತುವಿನ ಕೊನೆಯವರೆಗೂ ಹಂಚಿ ತೆಗೆದುಕೊಳ್ಳುತ್ತೀರೋ? ಮೊದಲು ಬಂದವನ್ನಷ್ಟೇ ಆರಿಸುತ್ತಾ ಹೋದ ಕಡೆಗಳಲ್ಲಿ ಇಡೀ ಸಂತತಿಯ ಆಗಮನವೇ ವಾರಗಟ್ಟಲೆ ಮುಂಚಿತವಾಗಿದೆ. ತೊರೆಯ ನೀರು ಇನ್ನೂ ತಣಿಯದ ಹೊತ್ತಿಗೆ ಮೀನು ಬಂದು ನಿಂತರೆ ಅದರ ಮೊಟ್ಟೆಗೆ ಅಪಾಯ.

ಒಟ್ಟು ಸಂಖ್ಯೆಯನ್ನು ಒಡೆದು ನೋಡಿ

ಪ್ರತಿ ವರ್ಷ ರಾಜ್ಯದ ಮೀನುಗಾರಿಕಾ ಇಲಾಖೆಗಳು ಎಷ್ಟು ಮೀನು ಮರಳಿತು ಎಂದು ಪ್ರಕಟಿಸುತ್ತವೆ, ಪತ್ರಿಕೆಗಳಲ್ಲಿ ದಾಖಲೆಯ ಆಗಮನ ಎಂಬ ಶೀರ್ಷಿಕೆ ಬರುತ್ತದೆ. ಅಂಥ ಸುದ್ದಿ ಕಂಡಾಗ ಸಂಖ್ಯೆಯನ್ನು ಎರಡಾಗಿ ಒಡೆಯಿರಿ. ಒಂದು ತೊರೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಮೊಟ್ಟೆಯಿಡಲು ಬಂದ 1000 ಮೀನುಗಳಲ್ಲಿ 900 ನದಿಯಲ್ಲಿ ಹುಟ್ಟಿದವು. ಹತ್ತು ವರ್ಷದ ನಂತರ 1200 ಮೀನು ಬಂದವು, ಅದರಲ್ಲಿ ನದಿಯಲ್ಲಿ ಹುಟ್ಟಿದವು 360. ಒಟ್ಟು ಲೆಕ್ಕದಲ್ಲಿ ಶೇಕಡಾ 20 ಏರಿಕೆ. ನದಿಯ ಸಂತತಿಯಲ್ಲಿ ಶೇಕಡಾ 60 ಕುಸಿತ. ಎರಡೂ ಹೇಳಿಕೆಗಳು ನಿಜವೇ, ಆದರೆ ಮೊದಲನೆಯದನ್ನಷ್ಟೇ ಓದಿದ ಓದುಗ ಮೋಸ ಹೋಗುತ್ತಾನೆ.

ಮೊಟ್ಟೆಯಿಡುವ ಜಾಗದಲ್ಲಿರುವ ಮೀನುಗಳಲ್ಲಿ ಹ್ಯಾಚರಿಯಲ್ಲಿ ಹುಟ್ಟಿದವುಗಳ ಪಾಲಿಗೆ ತಜ್ಞರು ಪಿ-ಹಾಸ್ ಎನ್ನುತ್ತಾರೆ. ಮೇಲಿನ ತೊರೆಯಲ್ಲಿ ಅದು ಶೇಕಡಾ 10ರಿಂದ 70ಕ್ಕೆ ಏರಿತು. ಹ್ಯಾಚರಿಯ ತಳಿ ಮೀನುಗಳಲ್ಲಿ ನದಿಯಲ್ಲಿ ಹುಟ್ಟಿದವುಗಳ ಪಾಲು ಪಿ-ನಾಬ್. ಎರಡನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ, ಈ ಸಂತತಿಯನ್ನು ರೂಪಿಸುತ್ತಿರುವುದು ನದಿಯೋ ತೊಟ್ಟಿಯೋ ಎಂಬುದಕ್ಕೆ ಒಂದು ಅಂದಾಜು ಸಿಗುತ್ತದೆ. ಅದಕ್ಕೆ ಪಿ-ಎನ್-ಐ ಎಂದು ಹೆಸರು. ತಳಿ ಮೀನುಗಳಲ್ಲಿ ಶೇಕಡಾ 50 ನದಿಯವು, ಮೊಟ್ಟೆಯಿಡುವ ಜಾಗದಲ್ಲಿ ಶೇಕಡಾ 25 ಹ್ಯಾಚರಿಯವು ಎಂದಾದರೆ, 0.50ನ್ನು 0.75ರಿಂದ ಭಾಗಿಸಿದಾಗ ಸುಮಾರು 0.67 ಬರುತ್ತದೆ. ಅಮೆರಿಕದ ವಾಯವ್ಯ ಭಾಗದ ಹ್ಯಾಚರಿಗಳನ್ನು ಪರಿಶೀಲಿಸಿದ ಹ್ಯಾಚರಿ ಸೈಂಟಿಫಿಕ್ ರಿವ್ಯೂ ಗ್ರೂಪ್ ಎಂಬ ಸ್ವತಂತ್ರ ತಂಡವು ಪ್ರಮುಖ ಸಂತತಿಗಳಿಗೆ ಈ 0.67ನ್ನೇ ಕನಿಷ್ಠ ಮಿತಿಯಾಗಿ ಶಿಫಾರಸು ಮಾಡಿತು. ನದಿಯ ಮೀನಿನೊಂದಿಗೆ ತಳಿ ಬೆರೆಸದೆ ಪೂರ್ತಿ ಪ್ರತ್ಯೇಕವಾಗಿ ನಡೆಸುವ ಕೇಂದ್ರಗಳಿಗೆ ಅದರ ಶಿಫಾರಸು ಇನ್ನೂ ಬಿಗಿ: ಅಂಥ ಮೀನು ಪ್ರಮುಖ ಸಂತತಿಯ ಮೊಟ್ಟೆಯಿಡುವ ಜಾಗದಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿರಬೇಕು. ನೀವು ನೋಡುತ್ತಿರುವ ನದಿಯ ಈ ಮೂರು ಅಂಕಿಗಳನ್ನು ಹತ್ತು ವರ್ಷದ ಮಟ್ಟಿಗಾದರೂ ಹುಡುಕಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ವರ್ಷದ ಅಂಕಿಯನ್ನು ನೆಚ್ಚಬೇಡಿ; ಸಮುದ್ರದ ಉಷ್ಣತೆ ಮತ್ತು ಆಹಾರ ಬದಲಾದರೆ ಸಂಖ್ಯೆ ಒಂದೆರಡು ವರ್ಷಗಳಲ್ಲೇ ದುಪ್ಪಟ್ಟಾಗಬಹುದು, ಅರ್ಧಕ್ಕೂ ಇಳಿಯಬಹುದು.

ಬಿಡುಗಡೆ, ಸಮುದ್ರ ಮತ್ತು ಬಲೆ

ಮರಿಗಳನ್ನು ಎಲ್ಲಿ, ಯಾವಾಗ, ಎಷ್ಟು ದೊಡ್ಡದಾದ ಮೇಲೆ ಬಿಡುತ್ತಾರೆ ಎಂಬುದೂ ಮುಖ್ಯ. ದೊಡ್ಡ ಹ್ಯಾಚರಿ ಮರಿಗಳು ನದಿಯ ಸಣ್ಣ ಮರಿಗಳನ್ನು ತಿನ್ನಬಲ್ಲವು. ಒಮ್ಮೆಲೇ ಲಕ್ಷಗಟ್ಟಲೆ ಮರಿ ಇಳಿದಾಗ ಹಕ್ಕಿ ಮತ್ತು ಪರಭಕ್ಷಕ ಮೀನುಗಳು ಅಲ್ಲಿಗೆ ನೆರೆಯುತ್ತವೆ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಬರದ ವರ್ಷಗಳಲ್ಲಿ ನದಿಯ ನೀರು ಬಿಸಿಯಾಗಿ ಕಡಿಮೆಯಾಗುವುದರಿಂದ, ಮರಿಗಳನ್ನು ಟ್ಯಾಂಕರ್ ಲಾರಿಗಳಲ್ಲಿ ಸಮುದ್ರದ ಹತ್ತಿರಕ್ಕೆ ಸಾಗಿಸುತ್ತಾರೆ. ಇದರಿಂದ ಹೆಚ್ಚು ಮರಿ ಬದುಕುತ್ತದೆ. ಆದರೆ ದಾರಿಯ ವಾಸನೆಯನ್ನು ಕಲಿಯದ ಈ ಮೀನುಗಳು ಬಲಿತು ಮರಳುವಾಗ ದಿಕ್ಕು ತಪ್ಪಿ ಬೇರೆ ಬೇರೆ ನದಿಗಳಿಗೆ ನುಗ್ಗುತ್ತವೆ, ಅಲ್ಲಿನ ಸಂತತಿಗಳೊಂದಿಗೆ ಬೆರೆಯುತ್ತವೆ.

ಸಮುದ್ರವೂ ಅಕ್ಷಯಪಾತ್ರೆಯಲ್ಲ. ಜಪಾನ್, ರಷ್ಯಾ, ಅಲಾಸ್ಕಾ, ಕೆನಡಾ ಮತ್ತು ಅಮೆರಿಕದ ಪಶ್ಚಿಮ ರಾಜ್ಯಗಳು ಸೇರಿ ಉತ್ತರ ಪೆಸಿಫಿಕ್‌ಗೆ ವರ್ಷಕ್ಕೆ ಸುಮಾರು 500 ಕೋಟಿ ಹ್ಯಾಚರಿ ಮರಿಗಳನ್ನು ಬಿಡುತ್ತವೆ. ಪಿಂಕ್ ಸಾಲ್ಮನ್‌ನ ಆಯುಷ್ಯ ಎರಡೇ ವರ್ಷವಾದ್ದರಿಂದ ಅದರ ಸಂಖ್ಯೆ ಬೆಸ ಮತ್ತು ಸಮ ವರ್ಷಗಳಲ್ಲಿ ಏರಿಳಿಯುತ್ತದೆ. ಪಿಂಕ್ ಹೇರಳವಾಗಿರುವ ವರ್ಷಗಳಲ್ಲಿ ಸಾಕ್‌ಐ ಮುಂತಾದ ಇತರ ಮೀನುಗಳ ಬೆಳವಣಿಗೆ ಕುಂಠಿತವಾಗುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ದೇಶದ ಹ್ಯಾಚರಿಯ ಲಾಭಕ್ಕೆ ಇನ್ನೊಂದು ದೇಶದ ನದಿಯ ಮೀನು ಬೆಲೆ ತೆರುವ ಸಾಧ್ಯತೆ ಇಲ್ಲಿದೆ.

ಬಲೆಯ ವಿಷಯದಲ್ಲಿ ತಿಳಿಯಬೇಕಾದದ್ದು ಇಷ್ಟು. ಹ್ಯಾಚರಿಯ ಮೀನು ಹೇರಳವಾಗಿದೆ ಎಂದು ಮೀನುಗಾರಿಕೆಗೆ ಹೆಚ್ಚು ಅವಕಾಶ ಕೊಟ್ಟರೆ, ಅದೇ ನೀರಿನಲ್ಲಿ ಈಜುತ್ತಿರುವ ವಿರಳ ನದಿಯ ಮೀನೂ ಬಲೆಗೆ ಬೀಳುತ್ತದೆ. ರೆಕ್ಕೆ ಇರುವ ಮೀನನ್ನು ಬಿಟ್ಟುಬಿಡಬೇಕು ಎಂಬ ನಿಯಮ ಬಂದದ್ದು ಇದಕ್ಕಾಗಿಯೇ. ಗಾಳ ಹಾಕುವ ಹವ್ಯಾಸವಿದ್ದರೆ ಆ ವರ್ಷದ, ಆ ನೀರಿನ ನಿಯಮವನ್ನು ಓದಿಕೊಂಡೇ ಹೋಗಿ; ಮುಳ್ಳಿಲ್ಲದ ಗಾಳ ಬಳಸಿ, ಬಿಡಬೇಕಾದ ಮೀನನ್ನು ನೀರಿನಿಂದ ಮೇಲೆತ್ತದೆ ಬಿಡಿಸಿ. ಅಂಗಡಿಯಲ್ಲಿ ಕೊಳ್ಳುವವರಿಗೂ ಒಂದು ಮಾತು: ಅಲಾಸ್ಕಾದ ವೈಲ್ಡ್ ಸಾಲ್ಮನ್ ಎಂಬ ಚೀಟಿಯಿದ್ದರೆ ಅದು ಸಮುದ್ರದಲ್ಲಿ ಸ್ವತಂತ್ರವಾಗಿ ಬೆಳೆದ ಮೀನು, ಪಂಜರದಲ್ಲಿ ಸಾಕಿದ ಅಟ್ಲಾಂಟಿಕ್ ಸಾಲ್ಮನ್ ಅಲ್ಲ, ಆದರೆ ಅದರ ಹುಟ್ಟು ಹ್ಯಾಚರಿಯಲ್ಲಿ ಆಗಿರಬಹುದು, ಪಿಂಕ್ ಮತ್ತು ಚಮ್ ಜಾತಿಗಳಲ್ಲಿ ಆ ಸಾಧ್ಯತೆ ಹೆಚ್ಚು.

ಹ್ಯಾಚರಿ ಇಲ್ಲದಿದ್ದರೆ ಮೀನೇ ಇರದಿದ್ದ ಕಡೆ

ಐಡಹೋದ ರೆಡ್‌ಫಿಶ್ ಸರೋವರ ಸಮುದ್ರದಿಂದ ಸುಮಾರು 1450 ಕಿಲೋಮೀಟರ್ ದೂರ, ಸುಮಾರು 2000 ಮೀಟರ್ ಎತ್ತರದಲ್ಲಿದೆ. ಎಂಟು ಅಣೆಕಟ್ಟುಗಳನ್ನು ದಾಟಿ ಅಲ್ಲಿಗೆ ಬರಬೇಕಾದ ಸಾಕ್‌ಐ ಸಾಲ್ಮನ್ 1991ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. 1992ರಲ್ಲಿ ಮರಳಿದ್ದು ಒಂದೇ ಒಂದು ಗಂಡು. ಜನ ಅದನ್ನು ಲೋನ್‌ಸಮ್ ಲ್ಯಾರಿ ಎಂದು ಕರೆದರು. 1991ರಿಂದ 1998ರವರೆಗೆ ಸಮುದ್ರದಿಂದ ಬಂದ ಒಟ್ಟು 16 ಮೀನುಗಳನ್ನು ಹಿಡಿದು, ಅವುಗಳಿಂದ ತಳಿ ಉಳಿಸಿದ ಕಾರ್ಯಕ್ರಮವಿಲ್ಲದಿದ್ದರೆ ಆ ಸಂತತಿ ಇಂದು ಇರುತ್ತಿರಲಿಲ್ಲ. ಹ್ಯಾಚರಿಗಳನ್ನು ಸಾರಾಸಗಟಾಗಿ ತಿರಸ್ಕರಿಸುವವರು ಈ ಸಂಗತಿಗೆ ಉತ್ತರ ಕೊಡಬೇಕು.

ಅಲ್ಲಿಯೂ ದಾರಿ ಸುಗಮವಾಗಿರಲಿಲ್ಲ. ಅದೇ ಮೀನಿಗಾಗಿ 2013ರಲ್ಲಿ ಆರಂಭವಾದ ಸ್ಪ್ರಿಂಗ್‌ಫೀಲ್ಡ್ ಹ್ಯಾಚರಿಯ ಮರಿಗಳು ನೋಡಲು ದಷ್ಟಪುಷ್ಟವಾಗಿದ್ದರೂ, ನದಿಗೆ ಬಿಟ್ಟ ಮೇಲೆ ಭಾರಿ ಪ್ರಮಾಣದಲ್ಲಿ ಸತ್ತವು. ಹುಡುಕಿದಾಗ ಕಾರಣ ನೀರಿನಲ್ಲೇ ಸಿಕ್ಕಿತು: ಖನಿಜಾಂಶ ಹೆಚ್ಚಿರುವ ಹ್ಯಾಚರಿಯ ಗಡಸು ನೀರಿನಿಂದ ರೆಡ್‌ಫಿಶ್ ತೊರೆಯ ಮೆದು ನೀರಿಗೆ ಒಮ್ಮೆಲೇ ಬಿದ್ದ ಮರಿಗಳ ದೇಹ ತಾಳಲಿಲ್ಲ. ಬಿಡುವ ಮೊದಲು ಮಧ್ಯಮ ಗಡಸುತನದ ನೀರಿನಲ್ಲಿ ಕೆಲಕಾಲ ಇರಿಸಿ ಒಗ್ಗಿಸುವ ಕ್ರಮವನ್ನು ಆಮೇಲೆ ತರಲಾಯಿತು. ಎಷ್ಟು ಮರಿ ಬಿಟ್ಟೆವು ಎಂಬ ಅಂಕಿ ಏಕೆ ಯಶಸ್ಸಿನ ಅಳತೆಯಾಗಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಇನ್ನೊಂದು ತುದಿಯಲ್ಲಿ, ಓರೆಗಾನ್ ಕರಾವಳಿಯ ಸಾಲ್ಮನ್ ರಿವರ್ ಎಂಬ ಹೆಸರಿನ ನದಿಯಲ್ಲಿ ಕೋಹೋ ಹ್ಯಾಚರಿ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಅದುವರೆಗೆ ಮೊಟ್ಟೆಯಿಡುವ ಜಾಗದಲ್ಲಿ ಹ್ಯಾಚರಿ ಮೀನುಗಳೇ ತುಂಬಿದ್ದ ಆ ನದಿಯಲ್ಲಿ ನದಿಯ ಕೋಹೋ ಸಂತತಿ ಚೇತರಿಸಿಕೊಂಡಿತು, ಮೊಟ್ಟೆಯಿಡುವ ಕಾಲದ ವ್ಯಾಪ್ತಿಯೂ ಹಿಗ್ಗಿತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಆ ನದಿಗೆ ದೊಡ್ಡ ಅಣೆಕಟ್ಟುಗಳ ಅಡ್ಡಿ ಇರಲಿಲ್ಲ, ಅಳಿವೆಯ ಜವುಗು ಪ್ರದೇಶಗಳನ್ನು ಮೊದಲೇ ಸರಿಪಡಿಸಿದ್ದರು. ಮರಳಿ ಬರಲು ಜಾಗವಿದ್ದ ಕಡೆ ಮೀನು ತಾನಾಗಿ ಮರಳಿತು. ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೀಳುವ ಕೆಲಸ 2024ರಲ್ಲಿ ಮುಗಿದ ಕೆಲವೇ ವಾರಗಳಲ್ಲಿ ಚಿನೂಕ್‌ಗಳು ಶತಮಾನದಿಂದ ಮುಚ್ಚಿದ್ದ ನೀರಿಗೆ ಏರಿದವು.

ಕರ್ನಾಟಕದ ಓದುಗರಿಗೆ ಇದೆಲ್ಲ ದೂರದ ಕಥೆಯೆನಿಸಬಾರದು. ಕಾವೇರಿಯಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ 2018ರಲ್ಲಿ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರಿನಿಂದ ಗುರುತಿಸಲ್ಪಟ್ಟು, ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ದಶಕಗಳಿಂದ ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೂ ಬಿಡಲಾಗಿತ್ತು. ಗಾಳದ ಶಿಬಿರವೊಂದರ 1998ರಿಂದ 2012ರವರೆಗಿನ ದಾಖಲೆಗಳಲ್ಲಿ ನೀಲಿರೆಕ್ಕೆಯದು ಏರುತ್ತಾ, ಗೂನುಬೆನ್ನಿನದು ಇಳಿಯುತ್ತಾ ಹೋದದ್ದು ಕಾಣುತ್ತದೆ. ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳೂ ಕಾರಣಗಳ ಪಟ್ಟಿಯಲ್ಲಿವೆ. ಆದರೂ ಮಹಶೀರ್ ಹೆಚ್ಚಿದೆ ಎಂಬ ಒಟ್ಟು ಲೆಕ್ಕವು ಕಾವೇರಿಯದೇ ಆದ ಮೀನು ಮಾಯವಾಗುತ್ತಿದ್ದುದನ್ನು ಮರೆಮಾಡಿತು. ನಿಮ್ಮೂರ ನದಿಗೆ ಲಕ್ಷಗಟ್ಟಲೆ ಮೀನುಮರಿ ಬಿಡುಗಡೆಯಾಯಿತು ಎಂಬ ಸುದ್ದಿ ಬಂದಾಗ ಯಾವ ಜಾತಿ, ಯಾವ ನದಿಯ ತಳಿ ಎಂದು ಕೇಳುವುದಕ್ಕೆ ಸಾಲ್ಮನ್‌ನ ಅನುಭವವೇ ಸಾಕು.

ನೀವು ಮಾಡಬಹುದಾದದ್ದು

ಸಾಲ್ಮನ್ ನಾಡಿನಲ್ಲಿ ನೆಲೆಸಿರುವವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತೊರೆಯ ದಂಡೆಗೆ ಹೋದಾಗ ನೀರಿಗೆ ಇಳಿಯಬಾರದು, ನಾಯಿಯನ್ನೂ ಬಿಡಬಾರದು. ಸುತ್ತಲಿಗಿಂತ ಬೆಳ್ಳಗೆ ಕಾಣುವ ಜಲ್ಲಿಯ ತಗ್ಗು ಮೊಟ್ಟೆಗುಳಿಯಾಗಿರುತ್ತದೆ, ಒಂದು ಹೆಜ್ಜೆ ನೂರಾರು ಭ್ರೂಣಗಳನ್ನು ಕೊಲ್ಲಬಹುದು. ಹಲವು ಊರುಗಳಲ್ಲಿ ಸತ್ತ ಮೀನಿನ ಎಣಿಕೆಗೆ ಸ್ವಯಂಸೇವಕರನ್ನು ತರಬೇತಿ ಕೊಟ್ಟು ಸೇರಿಸಿಕೊಳ್ಳುತ್ತಾರೆ. ರೆಕ್ಕೆ ಇದೆಯೇ ನೋಡಿ, ಮೂತಿಗೆ ಪತ್ತೆ ಯಂತ್ರ ಹಿಡಿದು, ಹೆಣ್ಣಾದರೆ ಮೊಟ್ಟೆಯಿಟ್ಟ ಬಳಿಕ ಸತ್ತಿದೆಯೇ ಎಂದು ಹೊಟ್ಟೆ ಪರೀಕ್ಷಿಸಿ, ಮತ್ತೆ ಎಣಿಸದಂತೆ ಬಾಲ ಕತ್ತರಿಸಿ ಅಲ್ಲಿಯೇ ಬಿಡುವುದು ಕ್ರಮ. ಪಿ-ಹಾಸ್‌ನಂಥ ಅಂಕಿಗಳು ಹುಟ್ಟುವುದೇ ಈ ಕೆಲಸದಿಂದ.

ಅಳಿವಿನಂಚಿನ ಸಂತತಿಗಳಿರುವ ನದಿಗಳಲ್ಲಿ ಹ್ಯಾಚರಿ ನಡೆಸಲು ತಳಿ ನಿರ್ವಹಣಾ ಯೋಜನೆಯೊಂದನ್ನು ಸಿದ್ಧಪಡಿಸಿ ಅಮೆರಿಕದ ಒಕ್ಕೂಟ ಸರ್ಕಾರದ ನೋವಾ ಫಿಶರೀಸ್ ಸಂಸ್ಥೆಗೆ ಸಲ್ಲಿಸಬೇಕಾಗುತ್ತದೆ, ಅದರ ಪರಿಶೀಲನೆಯ ಹಂತದಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಅವಕಾಶವಿರುತ್ತದೆ. ಅಭಿಪ್ರಾಯ ಸಲ್ಲಿಸಲು ಅಲ್ಲಿನ ಪೌರತ್ವ ಬೇಕಿಲ್ಲ. ಹ್ಯಾಚರಿ ಬೇಕು ಅಥವಾ ಬೇಡ ಎಂದು ಒಂದೇ ಸಾಲು ಬರೆದು ಕಳಿಸಿದರೆ ಪ್ರಯೋಜನ ಕಡಿಮೆ. ತಳಿ ಮೀನಿನಲ್ಲಿ ನದಿಯವುಗಳ ಪಾಲು ಎಷ್ಟು, ಮೊಟ್ಟೆಯಿಡುವ ಜಾಗದಲ್ಲಿ ಹ್ಯಾಚರಿ ಮೀನಿನ ಪಾಲನ್ನು ಯಾವ ಮಿತಿಯೊಳಗೆ ಇರಿಸುತ್ತೀರಿ, ಅದನ್ನು ಯಾರು ಯಾವಾಗ ಎಣಿಸುತ್ತಾರೆ, ಸತತ ಮೂರು ವರ್ಷ ಮಿತಿ ಮೀರಿದರೆ ಬಿಡುಗಡೆಯನ್ನು ಎಷ್ಟು ತಗ್ಗಿಸುತ್ತೀರಿ ಎಂದು ಕೇಳಿ, ಉತ್ತರಗಳು ಅಂಕಿಗಳ ಸಹಿತ ಯೋಜನೆಯ ಪಠ್ಯದಲ್ಲೇ ಸೇರಬೇಕೆಂದು ಒತ್ತಾಯಿಸಿ.